ಒಂದಕ್ಷರದ ಅಂತರ: ಡಿಸ್ಕ್ ದುರಸ್ತಿ ತಂತ್ರಾಂಶಕ್ಕೆ ಹೊಸ ಆಯ್ಕೆ ಸೇರಿಸುವ ಬಗೆ

ವಿದ್ಯುತ್ ಕೈಕೊಟ್ಟು ಕಂಪ್ಯೂಟರ್ ಹಠಾತ್ತನೆ ಆರಿಹೋದರೆ ಡಿಸ್ಕಿನ ಕಡತ ವ್ಯವಸ್ಥೆ ಅಸ್ತವ್ಯಸ್ತಗೊಳ್ಳಬಹುದು. ಲಿನಕ್ಸ್‌ನ ಇಎಕ್ಸ್‌ಟಿ2, ಇಎಕ್ಸ್‌ಟಿ3 ಹಾಗೂ ಇಎಕ್ಸ್‌ಟಿ4 ಕಡತ ವ್ಯವಸ್ಥೆಗಳನ್ನು ಪರೀಕ್ಷಿಸಿ ಸರಿಪಡಿಸುವ ತಂತ್ರಾಂಶ 'ಇ2ಎಫ್‌ಎಸ್‌ಸಿಕೆ'. ಇದರ ಪ್ರಮುಖ ರೂವಾರಿ ಥಿಯೋಡೋರ್ ತ್ಸೊ.

ಈ ತಂತ್ರಾಂಶಕ್ಕೆ ಆದೇಶ ನೀಡುವುದು ಕಮಾಂಡ್ ಲೈನ್‌ನಲ್ಲಿ, ಕಿರುಗೆರೆಯ ಮುಂದೆ ಬರೆಯುವ ಒಂದಕ್ಷರದ ಮೂಲಕ. 'ಎನ್' ಎಂದರೆ ಡಿಸ್ಕನ್ನು ಓದು, ಬದಲಿಸಬೇಡ. 'ವೈ' ಎಂದರೆ ದುರಸ್ತಿಯ ಎಲ್ಲ ಪ್ರಶ್ನೆಗಳಿಗೂ 'ಹೌದು'. 'ಪಿ' ಎಂದರೆ ಅಪಾಯವಿಲ್ಲದ ದೋಷಗಳನ್ನು ಮಾತ್ರ ತಾನೇ ಸರಿಪಡಿಸು. ಈ ಮೂರರಲ್ಲಿ ಒಂದನ್ನು ಮಾತ್ರ ನೀಡಬಹುದು. ದತ್ತಾಂಶದ ಅಳಿವು ಉಳಿವು ಒಂದಕ್ಷರವನ್ನು ಅವಲಂಬಿಸಿರುತ್ತದೆ.

ಹೊಸ ಸೌಲಭ್ಯಗಳು ಬಂದಂತೆಲ್ಲ ಹೊಸ ಅಕ್ಷರಗಳು ಬೇಕಾಗುತ್ತವೆ. ಆದರೆ ಇಂಗ್ಲಿಷಿನ ಸಣ್ಣ, ದೊಡ್ಡ ಅಕ್ಷರಗಳೆರಡೂ ಸೇರಿದರೂ ಇರುವುದು 52 ಮಾತ್ರ. ಬಳಕೆಯಲ್ಲಿರುವ ಅಕ್ಷರಕ್ಕೆ ಬೇರೆ ಅರ್ಥ ಕೊಡುವಂತೆಯೂ ಇಲ್ಲ. ಯಂತ್ರ ಚಾಲನೆಯಾಗುವಾಗ ಈ ಆದೇಶ ನೀಡುವುದು ಹಿಂದೆಂದೋ ಬರೆದಿಟ್ಟ ಸ್ಕ್ರಿಪ್ಟ್. ಅರ್ಥ ಬದಲಾದದ್ದು ಅದಕ್ಕೆ ತಿಳಿಯದು. ಆದ್ದರಿಂದಲೇ 'ಪಿ' ಮಾಡುವ ಕೆಲಸವನ್ನೇ ಮಾಡುವ 'ಎ' ಆಯ್ಕೆಯನ್ನು ಹಳೆಯ ಬಳಕೆಗಾಗಿ ಇಂದಿಗೂ ಉಳಿಸಿಕೊಳ್ಳಲಾಗಿದೆ.

ಇದಕ್ಕೆ ಕಂಡುಕೊಂಡ ಪರಿಹಾರ ದೊಡ್ಡಕ್ಷರದ 'ಇ', ಅಂದರೆ ವಿಸ್ತೃತ ಆಯ್ಕೆ. ಅದರ ಮುಂದೆ ಪೂರ್ಣ ಹೆಸರುಗಳನ್ನೇ ಅಲ್ಪವಿರಾಮ ಹಾಕಿ ಬರೆಯಬಹುದು; ಬೆಲೆ ನೀಡಬೇಕಾದಲ್ಲಿ ಸಮಚಿಹ್ನೆ ಸೇರಿಸಬಹುದು. ಉದಾಹರಣೆಗೆ 'ಜರ್ನಲ್_ಓನ್ಲಿ' ಎಂದರೆ ಜರ್ನಲ್‌ನಲ್ಲಿ ಬಾಕಿ ಇರುವ ಬದಲಾವಣೆಗಳನ್ನಷ್ಟೇ ಜಾರಿಗೊಳಿಸಿ ನಿಲ್ಲು ಎಂದರ್ಥ. ಹೀಗೆ ಹಳೆಯ ಅಕ್ಷರಗಳನ್ನು ಮುಟ್ಟದೆ ಹೊಸ ಹೆಸರುಗಳನ್ನು ಸೇರಿಸುತ್ತಾ ಹೋಗಬಹುದು.

ಇನ್ನೊಂದು ತೊಡಕೂ ಉಂಟು. ಬಹುತೇಕರು ಬಳಸುವುದು 'ಎಫ್‌ಎಸ್‌ಸಿಕೆ' ಎಂಬ ಮುಂಬಾಗಿಲ ಆದೇಶ. ಅದು ತನಗೆ ತಿಳಿಯದ ಆಯ್ಕೆಗಳನ್ನು ಒಳಗಿನ ತಂತ್ರಾಂಶಕ್ಕೆ ದಾಟಿಸುತ್ತದೆ. ಆದರೆ ಯಾವ ಅಕ್ಷರದ ಮುಂದೆ ಬೆಲೆ ಇದೆ ಎಂಬುದನ್ನು ಊಹಿಸಲಾರದು. ಹಾಗಾಗಿ ಬೆಲೆ ಬೇಡುವ ಆಯ್ಕೆಗಳನ್ನು ನೇರವಾಗಿ ಇ2ಎಫ್‌ಎಸ್‌ಸಿಕೆಗೇ ನೀಡುವುದು ಕ್ಷೇಮ.

ಆಯ್ಕೆ ಅರ್ಥವಾಗದಿದ್ದರೆ ಊಹಿಸಿ ಮುಂದುವರಿಯದೆ, ಡಿಸ್ಕ್ ಮುಟ್ಟುವ ಮೊದಲೇ ನಿಲ್ಲಬೇಕು ಎಂಬುದು ಇಂಥ ತಂತ್ರಾಂಶಗಳ ಮೂಲ ನಿಯಮ. ಬಳಕೆಯ ತಪ್ಪನ್ನು ಸೂಚಿಸಲೆಂದೇ 16 ಎಂಬ ನಿರ್ಗಮನ ಸಂಖ್ಯೆ ಮೀಸಲಿದೆ. ಬಳಕೆದಾರರೂ ಅದೇ ಎಚ್ಚರ ವಹಿಸಲಿ: ಮೊದಲು 'ಎನ್' ಹಾಕಿ ಪರೀಕ್ಷಿಸಿ, ಮುಖ್ಯ ಕಡತಗಳ ಪ್ರತಿ ತೆಗೆದಿರಿಸಿ, ಆಮೇಲಷ್ಟೇ 'ವೈ' ಒತ್ತಿ.