ಉಡವನ್ನು ಸಾಕಬಯಸುವ ನಾಗರಿಕರ ಗಮನಕ್ಕೆ: ಕಾನೂನು, ನೋಂದಣಿ ಮತ್ತು ಪೂರ್ವಸಿದ್ಧತೆ

ಉಡವನ್ನು ಮನೆಯಲ್ಲಿ ಸಾಕಲು ಅನುಮತಿ ದೊರೆಯುವುದೇ, ದೊರೆಯುವುದಾದರೆ ಅರ್ಜಿ ಸಲ್ಲಿಸುವ ವಿಧಾನ ಯಾವುದು ಎಂಬ ಪ್ರಶ್ನೆಗಳಿಗೆ ಎಲ್ಲ ಉಡಗಳಿಗೂ ಅನ್ವಯಿಸುವ ಒಂದೇ ಉತ್ತರವಿಲ್ಲ. ಪ್ರಾಣಿಯು ಯಾವ ಪ್ರಭೇದಕ್ಕೆ ಸೇರಿದೆ ಮತ್ತು ಎಲ್ಲಿಂದ ಬಂದಿದೆ ಎಂಬ ಎರಡು ಸಂಗತಿಗಳನ್ನು ಉತ್ತರವು ಅವಲಂಬಿಸಿದೆ. ಆದ್ದರಿಂದ ಗೂಡು, ದೀಪ, ಆಹಾರ ಮುಂತಾದವುಗಳಿಗೆ ಹಣ ವ್ಯಯಿಸುವ ಮುನ್ನ ನಾಗರಿಕರು ಈ ಕೆಳಕಂಡ ವಿವರಗಳನ್ನು ಗಮನವಿಟ್ಟು ಓದಿಕೊಳ್ಳುವುದು ಅಗತ್ಯ.

ಭಾರತದ ಉಡಗಳು

ಭಾರತದಲ್ಲಿ ನಾಲ್ಕು ಪ್ರಭೇದದ ಉಡಗಳು ಕಂಡುಬರುತ್ತವೆ.

1. ಸಾಮಾನ್ಯ ಉಡ (ಬಂಗಾಳ ಉಡ): ಕರ್ನಾಟಕವೂ ಸೇರಿದಂತೆ ದೇಶದ ಬಹುಭಾಗದಲ್ಲಿ ವಾಸಿಸುತ್ತದೆ.
2. ಹಳದಿ ಉಡ: ಉತ್ತರ ಮತ್ತು ಪೂರ್ವ ಭಾರತದ ನದೀಬಯಲುಗಳಲ್ಲಿ ವಾಸಿಸುತ್ತದೆ.
3. ಮರುಭೂಮಿ ಉಡ: ರಾಜಸ್ಥಾನ, ಗುಜರಾತ್ ಮುಂತಾದ ಒಣ ಪ್ರದೇಶಗಳಲ್ಲಿ ವಾಸಿಸುತ್ತದೆ.
4. ನೀರು ಉಡ: ಒಡಿಶಾ, ಪಶ್ಚಿಮ ಬಂಗಾಳದ ಸುಂದರಬನ ಹಾಗೂ ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳಲ್ಲಿ ವಾಸಿಸುತ್ತದೆ.

ನಮ್ಮ ರಾಜ್ಯದ ಹೊಲ, ತೋಟ, ಕುರುಚಲು ಕಾಡು ಮತ್ತು ಕೆರೆ ಏರಿಗಳಲ್ಲಿ ಕಾಣಸಿಗುವ ಸಾಮಾನ್ಯ ಉಡವು ಬಾಲವೂ ಸೇರಿ ಒಂದೂವರೆ ಮೀಟರಿಗೂ ಮೀರಿ ಬೆಳೆಯಬಲ್ಲದು. ಕೀಟ, ಏಡಿ, ಇಲಿ, ಹಕ್ಕಿಗಳ ಮೊಟ್ಟೆ ಮತ್ತು ಸತ್ತ ಪ್ರಾಣಿಗಳ ಮಾಂಸ ಇದರ ಆಹಾರ. ಹೊಲದ ಇಲಿ ಮತ್ತು ಕೀಟಗಳನ್ನು ತಿನ್ನುವುದರಿಂದ ಇದು ರೈತರಿಗೆ ಉಪಕಾರಿ. ಹಿಡಿದ ಪಟ್ಟು ಬಿಡದವರನ್ನು ಉಡಕ್ಕೆ ಹೋಲಿಸುವ ಮಾತು ನಾಡಿನಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಆದರೆ ಮಾಂಸ, ಚರ್ಮ ಮತ್ತು ಮೂಢನಂಬಿಕೆಗಳಿಗಾಗಿ ಈ ಪ್ರಾಣಿಯನ್ನು ಬೇಟೆಯಾಡುತ್ತ ಬರಲಾಗಿದೆ. ಅದೃಷ್ಟ ತರುವ ಗಿಡದ ಬೇರು ಎಂದು ಹೇಳಿ ಮಾರಲಾಗುವ ‘ಹತ್ತಾ ಜೋಡಿ’ ವಾಸ್ತವದಲ್ಲಿ ಗಂಡು ಉಡದ ಒಣಗಿಸಿದ ಜನನಾಂಗವಾಗಿದೆ. ಖಂಜಿರ ವಾದ್ಯಕ್ಕೆ ಉಡದ ಚರ್ಮವನ್ನು ಹೊದಿಸುವ ಪದ್ಧತಿಯೂ ಹಿಂದೆ ಇತ್ತು. ಅದರ ಬದಲಿಗೆ ಮೇಕೆಯ ಚರ್ಮ ಅಥವಾ ಕೃತಕ ಹೊದಿಕೆಯನ್ನು ಬಳಸಬಹುದಾಗಿದೆ.

ಸ್ವದೇಶಿ ಉಡವನ್ನು ಸಾಕಲು ಅವಕಾಶವಿಲ್ಲ

ಮೇಲ್ಕಂಡ ನಾಲ್ಕೂ ಪ್ರಭೇದಗಳು ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ ಅನುಸೂಚಿ 1ರಲ್ಲಿ ಸೇರಿವೆ. ಹುಲಿ ಮತ್ತು ಆನೆಗಳು ಸೇರಿರುವುದೂ ಇದೇ ಅನುಸೂಚಿಯಲ್ಲಿ. ಅಧಿನಿಯಮದ ಪ್ರಕಾರ ‘ಬೇಟೆ’ ಎಂದರೆ ಕೊಲ್ಲುವುದು ಮಾತ್ರವಲ್ಲ. ಹಿಡಿಯುವುದು, ಬಲೆ ಅಥವಾ ಉರುಳು ಒಡ್ಡುವುದು ಮತ್ತು ಅದಕ್ಕಾಗಿ ಪ್ರಯತ್ನಿಸುವುದು ಸಹ ಬೇಟೆಯೇ ಆಗುತ್ತದೆ. ಸರೀಸೃಪಗಳ ಮೊಟ್ಟೆಗೆ ಹಾನಿ ಮಾಡುವುದೂ ಇದರಲ್ಲಿ ಸೇರಿದೆ.

ಅನುಸೂಚಿ 1ರ ಪ್ರಾಣಿಗೆ ಸಂಬಂಧಿಸಿದ ಅಪರಾಧ ಸಾಬೀತಾದಲ್ಲಿ ಕನಿಷ್ಠ 3 ವರ್ಷಗಳಿಂದ 7 ವರ್ಷಗಳವರೆಗೆ ಕಾರಾಗೃಹ ವಾಸ ಹಾಗೂ 25,000 ರೂಪಾಯಿಗಳಿಗೆ ಕಡಿಮೆಯಿಲ್ಲದ ದಂಡ ವಿಧಿಸಲು ಅವಕಾಶವಿದೆ. ದಂಡದ ಈ ಮೊತ್ತವನ್ನು 2022ರ ತಿದ್ದುಪಡಿಯಲ್ಲಿ ನಿಗದಿಪಡಿಸಲಾಗಿದ್ದು, ತಿದ್ದುಪಡಿಯು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ.

ಶಿಕ್ಷಣ, ವೈಜ್ಞಾನಿಕ ಸಂಶೋಧನೆ ಮುಂತಾದ ವಿಶೇಷ ಉದ್ದೇಶಗಳಿಗೆ ಮಾತ್ರ ಅನುಮತಿ ನೀಡಲು ಅಧಿನಿಯಮದಲ್ಲಿ ಅವಕಾಶವಿದೆ. ಮನೆಯಲ್ಲಿ ಸಾಕುವುದು ಅಂತಹ ಉದ್ದೇಶವಲ್ಲ. ಆದ್ದರಿಂದ ಸ್ವದೇಶಿ ಉಡವನ್ನು ಸಾಕಲು ‘ಪರವಾನಗಿ ಕೊಡಿಸುವುದಾಗಿ’ ಹೇಳುವ ಮಧ್ಯವರ್ತಿಗಳನ್ನು ಸಾರ್ವಜನಿಕರು ನಂಬಬಾರದು.

ಉಡದ ಮರಿ ದೊರೆತಲ್ಲಿ ಏನು ಮಾಡಬೇಕು

ಮಳೆಗಾಲದಲ್ಲಿ ಹೊಲದ ಬದುವಿನಲ್ಲಿ ಅಥವಾ ಹಿತ್ತಲಿನಲ್ಲಿ ಕಂಡ ಮರಿಯನ್ನು ಮಕ್ಕಳು ಕುತೂಹಲದಿಂದ ಮನೆಗೆ ತರುವುದುಂಟು. ಅದು ತಬ್ಬಲಿ ಎಂದು ಭಾವಿಸಿ ಹಿರಿಯರೂ ಅದಕ್ಕೆ ಹಾಲು, ಅನ್ನ ನೀಡಲು ಯತ್ನಿಸುತ್ತಾರೆ. ಆದರೆ ಉಡದ ಮರಿಯು ಮೊಟ್ಟೆಯಿಂದ ಹೊರಬಂದ ದಿನದಿಂದಲೇ ಸ್ವತಂತ್ರವಾಗಿ ಬದುಕುತ್ತದೆ. ಅದಕ್ಕೆ ತಾಯಿಯ ಆರೈಕೆ ಇರುವುದಿಲ್ಲ. ಒಂಟಿಯಾಗಿರುವುದು ಮರಿಯು ಸಂಕಟದಲ್ಲಿದೆ ಎಂಬುದರ ಲಕ್ಷಣವಲ್ಲ.

• ಪ್ರಾಣಿಯನ್ನು ಮುಟ್ಟದೆ, ಅದು ತಾನಾಗಿ ಹೊರಟುಹೋಗಲು ದಾರಿ ಬಿಡಬೇಕು. ನಾಯಿಗಳನ್ನು ದೂರವಿಡಬೇಕು.
• ಪ್ರಾಣಿಯು ಗಾಯಗೊಂಡಿದ್ದಲ್ಲಿ ಅಥವಾ ಮನೆಯೊಳಗೆ ಸಿಲುಕಿದ್ದಲ್ಲಿ ಸಮೀಪದ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ತಿಳಿಸಬೇಕು.
• ಯಾವುದೇ ರೀತಿಯಲ್ಲಿ ಪ್ರಾಣಿಯು ಈಗಾಗಲೇ ವಶಕ್ಕೆ ಬಂದಿದ್ದಲ್ಲಿ, ಅದು ಸರ್ಕಾರದ ಸ್ವತ್ತಾಗಿರುತ್ತದೆ. ಅಧಿನಿಯಮದ 39ನೇ ಕಲಮಿನಂತೆ 48 ಗಂಟೆಗಳ ಒಳಗಾಗಿ ಸಮೀಪದ ಪೊಲೀಸ್ ಠಾಣೆಗೆ ಅಥವಾ ಅಧಿಕೃತ ಅಧಿಕಾರಿಗೆ ವರದಿ ಮಾಡತಕ್ಕದ್ದು.

ವರದಿ ಮಾಡಿದರೆ ತೊಂದರೆಯಾದೀತೆಂದು ಅಂಜಿ ಪ್ರಾಣಿಯನ್ನು ಬಚ್ಚಿಡುವುದರಿಂದ ಸಂಬಂಧಪಟ್ಟವರ ಸ್ಥಿತಿ ಮತ್ತಷ್ಟು ಕಠಿಣವಾಗುತ್ತದೆ.

ವಿದೇಶಿ ಉಡಗಳು: ನೋಂದಣಿ ಕಡ್ಡಾಯ

ಆಫ್ರಿಕಾದ ಸವಾನ್ನಾ ಉಡದಂತಹ ವಿದೇಶಿ ಪ್ರಭೇದಗಳು ‘ಸೈಟಿಸ್’ ಎಂಬ ಅಂತರರಾಷ್ಟ್ರೀಯ ಒಪ್ಪಂದದ ವ್ಯಾಪ್ತಿಗೆ ಬರುತ್ತವೆ ಮತ್ತು ಅಧಿನಿಯಮದ ಅನುಸೂಚಿ 4ರಲ್ಲಿ ಸೇರಿವೆ. ಒಂದೇ ಪ್ರಭೇದವು ಅನುಸೂಚಿ 1 ಮತ್ತು 4 ಎರಡರಲ್ಲೂ ಇದ್ದಲ್ಲಿ ಅನುಸೂಚಿ 1ರ ನಿಬಂಧನೆಗಳೇ ಅನ್ವಯವಾಗುತ್ತವೆ. ಆದ್ದರಿಂದ ನೀರು ಉಡದ ಮರಿಯನ್ನು ‘ವಿದೇಶದಿಂದ ತಂದದ್ದು’ ಎಂದು ಹೇಳಿ ಮಾರಿದರೂ ಅದನ್ನು ಸಾಕುವಂತಿಲ್ಲ.

ಅನುಸೂಚಿ 4ರ ಜೀವಂತ ಪ್ರಾಣಿಯನ್ನು ಹೊಂದಿರುವವರು ಅಧಿನಿಯಮದ 49-ಎಂ ಕಲಮು ಹಾಗೂ 2024ರ ಜೀವಂತ ಪ್ರಾಣಿ ಪ್ರಭೇದಗಳ (ವರದಿ ಮತ್ತು ನೋಂದಣಿ) ನಿಯಮಗಳ ಅನುಸಾರ ನೋಂದಣಿ ಮಾಡಿಸತಕ್ಕದ್ದು. ನಿಯಮಗಳು ಜಾರಿಗೆ ಬರುವ ಮೊದಲೇ ಪ್ರಾಣಿ ಹೊಂದಿದ್ದವರಿಗೆ ನೀಡಲಾಗಿದ್ದ ಆರು ತಿಂಗಳ ಅವಧಿಯು 2024ರಲ್ಲಿಯೇ ಮುಕ್ತಾಯಗೊಂಡಿದೆ. ಅನಂತರ ಪ್ರಾಣಿಯನ್ನು ಪಡೆದವರು ಪಡೆದ ದಿನದಿಂದ 30 ದಿನಗಳ ಒಳಗೆ ಕೇಂದ್ರ ಸರ್ಕಾರದ ಪರಿವೇಶ್ ಜಾಲತಾಣದ ಮೂಲಕ, ನಿಗದಿತ ಶುಲ್ಕದೊಂದಿಗೆ, ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಅರ್ಜಿ ಸಲ್ಲಿಸಬೇಕಾಗುತ್ತದೆ. ಪ್ರಾಣಿಯ ಹಸ್ತಾಂತರ, ಮರಿಗಳ ಜನನ ಮತ್ತು ಮರಣವನ್ನೂ ನಿಯಮಾನುಸಾರ ವರದಿ ಮಾಡತಕ್ಕದ್ದು.

ಪ್ರಾಣಿಯನ್ನು ಕೊಳ್ಳುವವರು ಮಾರಾಟಗಾರರ ನೋಂದಣಿ ಪತ್ರ ಮತ್ತು ಪ್ರಾಣಿಯ ಮೂಲವನ್ನು ತೋರಿಸುವ ದಾಖಲೆಗಳನ್ನು ಹಣ ಪಾವತಿಸುವ ಮುನ್ನವೇ ಪರಿಶೀಲಿಸಬೇಕು. ವಿದೇಶದಿಂದ ತರಿಸುವುದಾದರೆ ರಫ್ತು ಮಾಡುವ ದೇಶದ ಸೈಟಿಸ್ ಅನುಮತಿ, ಭಾರತದ ಆಮದು ಪರವಾನಗಿ ಮತ್ತು ಪಶು ಕ್ವಾರಂಟೈನ್ ತಪಾಸಣೆ ಅಗತ್ಯ. ಪ್ರಯಾಣಿಕರ ಪೆಟ್ಟಿಗೆಗಳಲ್ಲಿ ಅಡಗಿಸಿ ತಂದ ಸರೀಸೃಪಗಳನ್ನು ಬೆಂಗಳೂರು ಮತ್ತು ಚೆನ್ನೈ ವಿಮಾನ ನಿಲ್ದಾಣಗಳಲ್ಲಿ ಹಲವು ಬಾರಿ ವಶಪಡಿಸಿಕೊಳ್ಳಲಾಗಿದೆ.

ಪೂರ್ವಸಿದ್ಧತೆ

ದಾಖಲೆಗಳು ಸರಿಯಿದ್ದ ಮಾತ್ರಕ್ಕೆ ಸಿದ್ಧತೆ ಪೂರ್ಣವಾದಂತಲ್ಲ. ಅಂಗೈಯಲ್ಲಿ ಹಿಡಿಸುವ ಸವಾನ್ನಾ ಉಡದ ಮರಿಯು ಕೆಲವೇ ವರ್ಷಗಳಲ್ಲಿ ಸುಮಾರು ಒಂದು ಮೀಟರ್ ಉದ್ದ ಬೆಳೆಯುತ್ತದೆ ಮತ್ತು ಉತ್ತಮ ಆರೈಕೆಯಲ್ಲಿ ಹತ್ತು ವರ್ಷಗಳಿಗೂ ಹೆಚ್ಚು ಕಾಲ ಬದುಕಬಲ್ಲದು.

ಸ್ಥಳ: ಬೆಳೆದ ಪ್ರಾಣಿಗೆ ಸುಮಾರು 8 ಅಡಿ ಉದ್ದ, 4 ಅಡಿ ಅಗಲ, 4 ಅಡಿ ಎತ್ತರದ ಭದ್ರವಾದ ಗೂಡು ಬೇಕು. ಇದು ಬಿಲ ತೋಡುವ ಪ್ರಾಣಿಯಾದ್ದರಿಂದ ತಳದಲ್ಲಿ ಆಳವಾದ ಮಣ್ಣು ಇರಬೇಕು. ಗಾಜಿನ ಮೀನಿನ ತೊಟ್ಟಿ ಇದಕ್ಕೆ ಸಾಲದು.

ಶಾಖ ಮತ್ತು ಬೆಳಕು: ಉಡವು ಬಿಸಿಲಿನಿಂದ ಮೈ ಕಾಯಿಸಿಕೊಂಡ ನಂತರವೇ ಆಹಾರವನ್ನು ಜೀರ್ಣಿಸಿಕೊಳ್ಳಬಲ್ಲದು. ಗೂಡಿನ ಒಂದು ತುದಿಯಲ್ಲಿ ತೀವ್ರ ಶಾಖ, ಇನ್ನೊಂದು ತುದಿಯಲ್ಲಿ ತಂಪು ಇರಬೇಕು. ನೇರಳಾತೀತ ಕಿರಣ ಮತ್ತು ಸುಣ್ಣದಂಶದ ಕೊರತೆಯಾದರೆ ಮೂಳೆಗಳು ಮೆತ್ತಗಾಗಿ ಬಾಗುತ್ತವೆ. ವಿದ್ಯುತ್ ಕಡಿತದ ಸಮಯಕ್ಕೆ ಪರ್ಯಾಯ ವ್ಯವಸ್ಥೆ ಇರಬೇಕು.

ಆಹಾರ: ಜಿರಳೆ, ಮಿಡತೆ ಮುಂತಾದ ಕೀಟಗಳು ಮುಖ್ಯ ಆಹಾರ. ಕೇವಲ ಇಲಿ ಅಥವಾ ಮಾಂಸವನ್ನು ನೀಡುತ್ತಿದ್ದರೆ ಬೊಜ್ಜು ಬೆಳೆದು ಪ್ರಾಣಿಯು ಅಕಾಲದಲ್ಲಿ ಸಾಯುತ್ತದೆ.

ಆರೋಗ್ಯ: ಸರೀಸೃಪಗಳಿಂದ ಸಾಲ್ಮೊನೆಲ್ಲಾ ಸೋಂಕು ಹರಡಬಹುದು. ಐದು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು ಮತ್ತು ವೃದ್ಧರು ಇರುವ ಮನೆಗಳಲ್ಲಿ ಅಪಾಯ ಹೆಚ್ಚು. ಸರೀಸೃಪಗಳಿಗೆ ಚಿಕಿತ್ಸೆ ನೀಡಬಲ್ಲ ಪಶುವೈದ್ಯರು ಸಮೀಪದಲ್ಲಿ ಇರುವರೇ ಎಂಬುದನ್ನು ಮೊದಲೇ ವಿಚಾರಿಸಬೇಕು.

ಸಾಕಲಾಗದಿದ್ದಲ್ಲಿ

ಸಾಕಲು ಸಾಧ್ಯವಾಗದ ವಿದೇಶಿ ಉಡವನ್ನು ಕೆರೆ, ತೋಟ ಅಥವಾ ಕಾಡಿನಲ್ಲಿ ಬಿಡಬಾರದು. ಅಮೆರಿಕದ ಫ್ಲೋರಿಡಾದಲ್ಲಿ ಸಾಕುಪ್ರಾಣಿ ವ್ಯಾಪಾರದ ಮೂಲಕ ಬಂದ ಆಫ್ರಿಕಾದ ನೈಲ್ ಉಡಗಳು ಹೊರಬಿದ್ದು ಸಂತತಿ ಬೆಳೆಸಿಕೊಂಡಿದ್ದು, ಅಲ್ಲಿನ ಸ್ಥಳೀಯ ಪ್ರಾಣಿಗಳಿಗೆ ಕಂಟಕವಾಗಿವೆ. ಅಂತಹ ಸಂದರ್ಭದಲ್ಲಿ ಅರಣ್ಯ ಇಲಾಖೆಯ ಅಧಿಕಾರಿಗಳನ್ನು ಸಂಪರ್ಕಿಸತಕ್ಕದ್ದು.

ಸಾಮಾನ್ಯ ಉಡವನ್ನು ನೋಡುವ ಆಸಕ್ತಿಯುಳ್ಳವರಿಗೆ ಗೂಡಿನ ಅಗತ್ಯವಿಲ್ಲ. ಬೆಳಗಿನ ಬಿಸಿಲಿನಲ್ಲಿ ಹುತ್ತದ ಬಳಿಯೋ ಬಂಡೆಯ ಮೇಲೆಯೋ ಮೈ ಕಾಯಿಸಿಕೊಳ್ಳುವ ಉಡವನ್ನು ದೂರದಿಂದ ನೋಡಲು ಯಾವ ಅರ್ಜಿಯೂ, ಯಾವ ಶುಲ್ಕವೂ ಬೇಕಾಗಿಲ್ಲ.