ಎದೆಬಡಿತ ಎಣಿಸುವ ಪಟ್ಟಿ: ಕನ್ನಡ ಶಾಲೆಯ ಪಾಲಕರು ತಿಳಿದಿರಬೇಕಾದುದು

ಕೊಲ್ಹಾಪುರದ ರಂಕಾಳಾ ಕೆರೆಯ ಸುತ್ತ ಬೆಳಗಿನ ಹೊತ್ತು ನಡೆಯುವವರು, ಓಡುವವರು, ಸೈಕಲ್ ತುಳಿಯುವವರು ನಿತ್ಯವೂ ಕಾಣಸಿಗುತ್ತಾರೆ. ಅವರಲ್ಲಿ ಕೆಲವರು ಅಂಗಿಯೊಳಗೆ, ಎದೆಯ ಕೆಳಭಾಗಕ್ಕೆ ಹೊಂದುವಂತೆ, ತೆಳುವಾದ ಪಟ್ಟಿಯೊಂದನ್ನು ಕಟ್ಟಿಕೊಂಡಿರುತ್ತಾರೆ. ಅಂಗಡಿಗಳಲ್ಲಿ ಅದಕ್ಕೆ ‘ಚೆಸ್ಟ್ ಸ್ಟ್ರ್ಯಾಪ್’ ಎನ್ನುತ್ತಾರೆ; ನಾವು ಅದನ್ನು ಎದೆಪಟ್ಟಿ ಎಂದು ಕರೆಯೋಣ. ನಿಮಿಷಕ್ಕೆ ಹೃದಯವು ಎಷ್ಟು ಬಾರಿ ಬಡಿಯಿತು ಎಂಬುದನ್ನು ಎಣಿಸಿ, ಕೈಗಡಿಯಾರಕ್ಕೋ ಮೊಬೈಲಿಗೋ ತಿಳಿಸುವುದು ಅದರ ಕೆಲಸ.

ಈ ಪಟ್ಟಿಯನ್ನು ಬಹಳವಾಗಿ ನೆಚ್ಚಿಕೊಂಡವರು ಟ್ರಯಥ್ಲಾನ್ ಸ್ಪರ್ಧಿಗಳು. ಈಜು, ಸೈಕಲ್, ಓಟ ಈ ಮೂರನ್ನೂ ನಡುವೆ ವಿಶ್ರಾಂತಿಯಿಲ್ಲದೆ ಒಂದರ ಹಿಂದೊಂದರಂತೆ ಮುಗಿಸುವ ಸ್ಪರ್ಧೆಯೇ ಟ್ರಯಥ್ಲಾನ್. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಅದಕ್ಕೆ ಮೊದಲ ಬಾರಿ ಸ್ಥಾನ ದೊರೆಯಿತು. ಒಲಿಂಪಿಕ್ ಸ್ಪರ್ಧೆಯಲ್ಲಿ 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟ ಇರುತ್ತವೆ. ಸಹ್ಯಾದ್ರಿಯ ಆಚೆ ಗೋವಾದಲ್ಲಿ 2019ರ ಅಕ್ಟೋಬರ್‌ನಲ್ಲಿ ಆರಂಭವಾದ ಐರನ್‌ಮ್ಯಾನ್ 70.3 ಸ್ಪರ್ಧೆ ಇದಕ್ಕಿಂತ ದೀರ್ಘವಾದುದು: 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ. ಕೊಲ್ಹಾಪುರದ ಕ್ರೀಡಾಸಕ್ತರಿಗೆ ಈ ಹೆಸರು ಈಗ ಅಪರಿಚಿತವಲ್ಲ.

ನಮ್ಮ ಮಕ್ಕಳಿಗೂ ಇದಕ್ಕೂ ಏನು ಸಂಬಂಧ ಎಂದು ಪಾಲಕರು ಕೇಳಬಹುದು. ಸಂಬಂಧವಿದೆ. ಗಡಹಿಂಗ್ಲಜದ ಮೈದಾನದಲ್ಲಿ ಫುಟ್‌ಬಾಲ್ ಆಡುವ ಹುಡುಗ, ಇಚಲಕರಂಜಿಯ ಮಗ್ಗದ ಕಾರ್ಮಿಕರ ಓಣಿಯಿಂದ ಶಾಲಾ ಕ್ರೀಡಾಕೂಟಕ್ಕೆ ಹೊರಡುವ ಹುಡುಗಿ, ಪೊಲೀಸ್ ಭರ್ತಿಯ 1600 ಅಥವಾ 800 ಮೀಟರ್ ಓಟಕ್ಕೆ ನಸುಕಿನಲ್ಲೇ ಎದ್ದು ಸಿದ್ಧವಾಗುವ ಅವರ ಅಣ್ಣ ಅಕ್ಕಂದಿರು, ಇವರೆಲ್ಲರ ಮೊಬೈಲಿಗೂ ಈ ಪಟ್ಟಿಯ ಜಾಹೀರಾತು ಬಂದು ತಲುಪುತ್ತಿದೆ. ಅದರ ಬೆಲೆ ಕೆಲವು ಸಾವಿರ ರೂಪಾಯಿ. ಪೆಟ್ಟಿಗೆಯೊಳಗಿನ ಸೂಚನಾ ಪತ್ರದಲ್ಲಿ ಕನ್ನಡ ಇರುವುದಿಲ್ಲ. ಕೊಳ್ಳಬೇಕೇ ಬೇಡವೇ ಎಂಬುದನ್ನು ನಿರ್ಧರಿಸುವ ಮೊದಲು ಅದು ಏನು ಮಾಡುತ್ತದೆ, ಏನು ಮಾಡಲಾರದು ಎಂಬುದನ್ನು ನಮ್ಮ ಭಾಷೆಯಲ್ಲಿಯೇ ತಿಳಿದುಕೊಳ್ಳುವುದು ಒಳಿತು.

ಪಟ್ಟಿ ಬಡಿತವನ್ನು ಎಣಿಸುವ ಬಗೆ

ಹೃದಯದ ಬಲ ಹೃತ್ಕರ್ಣದ ಮೇಲ್ಭಾಗದಲ್ಲಿ ಜೀವಕೋಶಗಳ ಚಿಕ್ಕ ಗುಂಪೊಂದಿದೆ. ಅಲ್ಲಿ ಹುಟ್ಟುವ ಸೂಕ್ಷ್ಮ ವಿದ್ಯುತ್ ಸಂಕೇತವು ಹೃತ್ಕರ್ಣಗಳಿಗೂ ಬಳಿಕ ಹೃತ್ಕುಕ್ಷಿಗಳಿಗೂ ಹರಡುತ್ತದೆ, ಸ್ನಾಯುಗಳು ಸಂಕುಚಿಸುತ್ತವೆ, ರಕ್ತ ಮುಂದಕ್ಕೆ ನೂಕಲ್ಪಡುತ್ತದೆ. ಈ ಸಂಕೇತದ ಒಂದಂಶ ಎದೆಯ ಚರ್ಮದವರೆಗೂ ಬರುತ್ತದೆ. ಅಲ್ಲಿ ಅದರ ಪ್ರಮಾಣ ಸುಮಾರು ಒಂದು ಮಿಲಿವೋಲ್ಟ್, ಅಂದರೆ ಒಂದು ವೋಲ್ಟಿನ ಸಾವಿರದಲ್ಲೊಂದು ಪಾಲು. ಆಸ್ಪತ್ರೆಯ ಇಸಿಜಿ ಯಂತ್ರವು ದಾಖಲಿಸುವುದು ಇದನ್ನೇ. ಇಸಿಜಿಯ ತಂತ್ರವನ್ನು ರೂಪಿಸಿದ ನೆದರ್ಲೆಂಡ್ಸ್‌ನ ವಿಲ್ಲೆಮ್ ಐಂಥೋವನ್ ಅವರಿಗೆ 1924ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಎದೆಪಟ್ಟಿಯ ಒಳಮೈಯಲ್ಲಿ ವಿದ್ಯುತ್ತನ್ನು ಗ್ರಹಿಸುವ ಎರಡು ತುಣುಕುಗಳಿರುತ್ತವೆ. ವಿಜ್ಞಾನ ಪಾಠದಲ್ಲಿ ಮಕ್ಕಳು ಓದುವ ವಿದ್ಯುದಗ್ರಗಳೇ ಇವು. ಪ್ರತಿ ಬಡಿತದಲ್ಲೂ ಸಂಕೇತವು ಒಮ್ಮೆ ಚೂಪಾಗಿ ಮೇಲೇರುತ್ತದೆ. ಒಂದು ಏರಿಕೆಯಿಂದ ಮುಂದಿನ ಏರಿಕೆಗೆ ಹಿಡಿದ ಸಮಯವನ್ನು ಪಟ್ಟಿ ಅಳೆಯುತ್ತದೆ. ಆ ಸಮಯ ಅರ್ಧ ಸೆಕೆಂಡ್ ಆಗಿದ್ದರೆ ನಿಮಿಷಕ್ಕೆ 120 ಬಡಿತ, 0.4 ಸೆಕೆಂಡ್ ಆಗಿದ್ದರೆ 150 ಬಡಿತ. ಅರವತ್ತನ್ನು ಆ ಸಮಯದಿಂದ ಭಾಗಿಸಿದರೆ ಉತ್ತರ ದೊರೆಯುತ್ತದೆ. ಇಷ್ಟೇ ಅದರ ಗಣಿತ. ಏಳನೆಯ ತರಗತಿಯ ಮಗುವೂ ಮಾಡಬಲ್ಲದು.

ಒಣ ಚರ್ಮದ ಮೂಲಕ ಸಂಕೇತ ಸರಿಯಾಗಿ ಹಾಯುವುದಿಲ್ಲ. ಆದುದರಿಂದಲೇ ಕಟ್ಟಿಕೊಳ್ಳುವ ಮುನ್ನ ಆ ತುಣುಕುಗಳನ್ನು ನೀರಿನಿಂದ ಒದ್ದೆ ಮಾಡಬೇಕು. ಓಡತೊಡಗಿದ ಮೇಲೆ ಬೆವರೇ ಆ ಕೆಲಸ ಮಾಡುತ್ತದೆ. ಪಟ್ಟಿ ಒಣಗಿದ್ದರೆ, ಸಡಿಲವಾಗಿದ್ದರೆ ಅಥವಾ ನೈಲಾನ್ ಬಟ್ಟೆ ಅದಕ್ಕೆ ಉಜ್ಜುತ್ತಿದ್ದರೆ, ಕುಳಿತಲ್ಲೇ 200ಕ್ಕೂ ಮೀರಿದ ಸುಳ್ಳು ಸಂಖ್ಯೆ ಕಾಣಿಸಬಹುದು. ಆಗ ಗಾಬರಿಪಡದೆ ಕೈಯ ನಾಡಿ ಹಿಡಿದು ಎಣಿಸಿ ನೋಡಬೇಕು.

ಕೈಗಡಿಯಾರದ ಹಿಂಬದಿಯಲ್ಲಿ ಮಿನುಗುವ ಹಸಿರು ಬೆಳಕೂ ಬಡಿತವನ್ನು ಎಣಿಸುತ್ತದೆ. ಆದರೆ ಅದರ ಬಗೆ ಬೇರೆ. ಚರ್ಮದಡಿಯ ರಕ್ತದ ಏರಿಳಿತವನ್ನು ಅದು ಬೆಳಕಿನಿಂದ ಗ್ರಹಿಸುತ್ತದೆ. ವೇಗ ಥಟ್ಟನೆ ಬದಲಾದಾಗ, ಸೈಕಲ್ ಹ್ಯಾಂಡಲನ್ನು ಬಿಗಿಯಾಗಿ ಹಿಡಿದಾಗ, ಚಳಿಯಿಂದ ಕೈ ತಣ್ಣಗಾದಾಗ ಅದು ತಪ್ಪುವುದುಂಟು. ನಿಖರತೆಯಲ್ಲಿ ಎದೆಪಟ್ಟಿ ಮೇಲು.

ಮೂರು ಕ್ರೀಡೆ, ಒಂದು ಅಳತೆ

ಟ್ರಯಥ್ಲಾನ್ ಸ್ಪರ್ಧಿಗೆ ಈ ಪಟ್ಟಿ ಯಾಕೆ ಬೇಕು? ಈಜಿನ ವೇಗ, ಸೈಕಲ್ಲಿನ ವೇಗ, ಓಟದ ವೇಗ ಇವನ್ನು ಒಂದಕ್ಕೊಂದು ಹೋಲಿಸಲಾಗದು. ದೇಹ ಎಷ್ಟು ದುಡಿಯುತ್ತಿದೆ ಎಂಬುದನ್ನು ಮೂರರಲ್ಲೂ ಸಾಮಾನ್ಯವಾಗಿ ತೋರಿಸಬಲ್ಲ ಅಳತೆ ಎದೆಬಡಿತ. ಅದರಲ್ಲಿಯೂ ವ್ಯತ್ಯಾಸಗಳಿವೆ. ನೀರಿನಲ್ಲಿ ದೇಹ ಅಡ್ಡಲಾಗಿರುವುದರಿಂದ, ನೀರಿನ ಒತ್ತಡ ಮತ್ತು ತಂಪಿನಿಂದ ಬಡಿತ ಕಡಿಮೆಯಿರುತ್ತದೆ. ಸೈಕಲ್ಲಿನಲ್ಲಿ ಅದಕ್ಕಿಂತ ಹೆಚ್ಚು, ಓಟದಲ್ಲಿ ಇನ್ನೂ ಹೆಚ್ಚು.

ನೀರಿನೊಳಗೆ ಮತ್ತೊಂದು ತೊಡಕಿದೆ. ಬ್ಲೂಟೂತ್ ಅಲೆಗಳನ್ನು ನೀರು ಹೀರಿಕೊಳ್ಳುವುದರಿಂದ ಪಟ್ಟಿಯ ಮಾತು ಗಡಿಯಾರವನ್ನು ಮುಟ್ಟುವುದಿಲ್ಲ. ಕೆಲವು ಪಟ್ಟಿಗಳು ಎಣಿಕೆಯನ್ನು ತಮ್ಮೊಳಗೇ ಕಾದಿಟ್ಟುಕೊಂಡು, ಸ್ಪರ್ಧಿ ನೀರಿನಿಂದ ಮೇಲೆ ಬಂದ ಮೇಲೆ ಕಳುಹಿಸುತ್ತವೆ.

ನಮ್ಮ ಬೇಸಿಗೆಗೆ ಸಂಬಂಧಿಸಿದ ಸಂಗತಿಯೂ ಒಂದಿದೆ. ಅದೇ ವೇಗದಲ್ಲಿ ಓಡುತ್ತಿದ್ದರೂ ಬಿಸಿಲೇರಿದಂತೆ, ಬೆವರು ಹರಿದು ದೇಹದ ನೀರು ಇಳಿದಂತೆ, ಬಡಿತ ಮೆಲ್ಲನೆ ಏರುತ್ತ ಹೋಗುತ್ತದೆ. ಏಪ್ರಿಲ್ ತಿಂಗಳಲ್ಲಿ ಹತ್ತು ಗಂಟೆಯ ಬಿಸಿಲಿಗೆ ಮಕ್ಕಳನ್ನು ಓಡಿಸಬಾರದು ಎಂದು ಹಿರಿಯರು ಹೇಳುವುದರ ಹಿಂದಿನ ಕಾರಣವನ್ನು ಈ ಪಟ್ಟಿ ಅಂಕಿಗಳಲ್ಲಿ ತೋರಿಸುತ್ತದೆ.

ಅಂಕಿಯನ್ನು ಓದುವ ಬಗೆ

ವಯಸ್ಸನ್ನು 220ರಿಂದ ಕಳೆದರೆ ಗರಿಷ್ಠ ಎದೆಬಡಿತ ದೊರೆಯುತ್ತದೆ ಎಂಬ ಸೂತ್ರ ಎಲ್ಲೆಡೆ ಪ್ರಚಾರದಲ್ಲಿದೆ. 2001ರಲ್ಲಿ ಪ್ರಕಟವಾದ ಇನ್ನೊಂದು ಸೂತ್ರದಂತೆ ವಯಸ್ಸಿನ 0.7 ಪಾಲನ್ನು 208ರಿಂದ ಕಳೆಯಬೇಕು. ನಲವತ್ತು ವರ್ಷದವರಿಗೆ ಎರಡೂ 180 ಎನ್ನುತ್ತವೆ. ಅರವತ್ತು ವರ್ಷದವರಿಗೆ ಮೊದಲನೆಯದು 160 ಎಂದರೆ ಎರಡನೆಯದು 166 ಎನ್ನುತ್ತದೆ. ಎರಡೂ ಸರಾಸರಿಗಳು ಮಾತ್ರ. ಒಬ್ಬ ವ್ಯಕ್ತಿಯ ನಿಜವಾದ ಗರಿಷ್ಠ ಮಿತಿ ಇದಕ್ಕಿಂತ ಹತ್ತು ಹನ್ನೆರಡು ಬಡಿತ ಹೆಚ್ಚೋ ಕಡಿಮೆಯೋ ಇರಬಹುದು. ಮಕ್ಕಳಿಗಂತೂ ಈ ಲೆಕ್ಕ ಹೊಂದುವುದೇ ಇಲ್ಲ. ಶಾಲಾ ವಯಸ್ಸಿನಲ್ಲಿ ಗರಿಷ್ಠ ಬಡಿತ ಸುಮಾರು 200ರ ಆಸುಪಾಸಿನಲ್ಲಿಯೇ ಇದ್ದು, ವರ್ಷ ವರ್ಷಕ್ಕೂ ಇಳಿಯುವುದಿಲ್ಲ. ವಿಶ್ರಾಂತಿಯಲ್ಲಿ ಕೂಡ ಮಕ್ಕಳ ನಾಡಿ ದೊಡ್ಡವರದಕ್ಕಿಂತ ವೇಗವಾಗಿರುತ್ತದೆ. ಆದುದರಿಂದ ದೊಡ್ಡವರ ಕೋಷ್ಟಕವನ್ನು ಹಿಡಿದು ಮಕ್ಕಳನ್ನು ಅಳೆಯಬಾರದು. ಪರದೆಯ ಮೇಲೆ ಇಂತಿಷ್ಟು ಅಂಕಿ ಬರುವವರೆಗೂ ಓಡು ಎಂದು ಒತ್ತಾಯಿಸಲೂಬಾರದು.

ದೊಡ್ಡವರ ತರಬೇತಿಯಲ್ಲಿ ಗರಿಷ್ಠ ಬಡಿತವನ್ನು ಸಾಮಾನ್ಯವಾಗಿ ಐದು ವಲಯಗಳಾಗಿ ವಿಂಗಡಿಸುತ್ತಾರೆ. ಗರಿಷ್ಠ 180 ಇರುವವರಿಗೆ ಶೇ. 60ರಿಂದ 70ರ ವಲಯವೆಂದರೆ 108ರಿಂದ 126 ಬಡಿತ. ದೀರ್ಘ ದೂರದ ಸ್ಪರ್ಧಿಗಳು ತಮ್ಮ ತರಬೇತಿಯ ಬಹುಪಾಲನ್ನು ಹೀಗೆ ಹಗುರವಾಗಿಯೇ ನಡೆಸುತ್ತಾರೆ. ಪ್ರತಿದಿನವೂ ಉಸಿರುಗಟ್ಟುವಂತೆ ಓಡಿದರೆ ಬೇಗ ಗೆಲ್ಲಬಹುದೆಂದು ಭಾವಿಸುವ ಭರ್ತಿಯ ಅಭ್ಯರ್ಥಿಗಳು ಗಮನಿಸಬೇಕಾದ ಪಾಠವಿದು. ಈ ವಲಯವನ್ನು ಗುರುತಿಸಲು ಪಟ್ಟಿಯೇ ಬೇಕೆಂದಿಲ್ಲ. ಓಡುತ್ತಲೇ ಜೊತೆಗಾರನೊಡನೆ ಪೂರ್ಣ ವಾಕ್ಯಗಳಲ್ಲಿ ಮಾತನಾಡಲು ಆಗುತ್ತಿದ್ದರೆ ಓಟ ಹಗುರವಾಗಿದೆ. ಒಂದೆರಡು ಪದಗಳಿಗೇ ಉಸಿರು ಸಾಲದಿದ್ದರೆ ಕಠಿಣವಾಗಿದೆ.

ಕೊಂಡವರು ಗಮನಿಸಬೇಕಾದ ಎರಡು ಮಾತುಗಳಿವೆ. ಪಟ್ಟಿಯಲ್ಲಿರುವ ನಾಣ್ಯದಾಕಾರದ ಬ್ಯಾಟರಿಯನ್ನು ಚಿಕ್ಕ ಮಕ್ಕಳು ನುಂಗಿದರೆ ಕೆಲವೇ ಗಂಟೆಗಳಲ್ಲಿ ಅನ್ನನಾಳ ಸುಡಬಹುದು. ಅದನ್ನು ಕೈಗೆ ಸಿಗದಂತೆ ಇಡಬೇಕು, ನುಂಗಿದರೆಂಬ ಅನುಮಾನ ಬಂದೊಡನೆ ಆಸ್ಪತ್ರೆಗೆ ಧಾವಿಸಬೇಕು. ಇನ್ನು, ಹೆಣ್ಣುಮಕ್ಕಳು ಪಟ್ಟಿಯನ್ನು ತಾವೇ, ಮರೆಯಲ್ಲಿ ಕಟ್ಟಿಕೊಳ್ಳುವಂತೆ ಕಲಿಸಬೇಕು. ತರಬೇತುದಾರರು ಕಟ್ಟುವುದು ಸಲ್ಲದು.

ಒಂದು ಚಿಕ್ಕ ದೇಶದ ಕೊಡುಗೆ

ತಂತಿಯಿಲ್ಲದ ಎದೆಪಟ್ಟಿ ಬಂದುದು ಅಮೆರಿಕದಿಂದಲ್ಲ, ಫಿನ್ಲೆಂಡಿನಿಂದ. ಔಲು ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಸೆಪ್ಪೊ ಸೈನಾಯಾಕಂಗಸ್ 1977ರಲ್ಲಿ ಪೋಲಾರ್ ಸಂಸ್ಥೆಯನ್ನು ಸ್ಥಾಪಿಸಿದರು. ಹಿಮದಲ್ಲಿ ಸ್ಕೀ ಓಟ ನಡೆಸುವ ಕ್ರೀಡಾಪಟುಗಳ ಎದೆಬಡಿತವನ್ನು ಓಟದ ನಡುವೆಯೇ ಅಳೆಯುವ ಅಗತ್ಯ ಅಲ್ಲಿತ್ತು. 1982ರಲ್ಲಿ ಆ ಸಂಸ್ಥೆ ತಂತಿಯಿಲ್ಲದ ಮಾಪಕವನ್ನು ಹೊರತಂದಿತು.

ಫಿನ್ಲೆಂಡಿನ ಜನಸಂಖ್ಯೆ 60 ಲಕ್ಷಕ್ಕೂ ಕಡಿಮೆ. 2011ರ ಜನಗಣತಿಯಂತೆ ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರು ಸುಮಾರು 4 ಕೋಟಿ 37 ಲಕ್ಷ. ಆ ಚಿಕ್ಕ ದೇಶದ ಮಕ್ಕಳು ವಿಜ್ಞಾನವನ್ನು ತಮ್ಮ ಮನೆಮಾತಿನಲ್ಲಿಯೇ ಓದುತ್ತಾರೆ. ನಮ್ಮ ಮಕ್ಕಳೂ ಬಾಲಭಾರತಿಯ ಕನ್ನಡ ಪುಸ್ತಕಗಳಲ್ಲಿ ಹೃದಯದ ಪಾಠ ಓದುತ್ತಾರೆ. ಕನ್ನಡದಲ್ಲಿ ಓದಿದರೆ ವಿಜ್ಞಾನ ಹಿಡಿತಕ್ಕೆ ಸಿಗದೆಂದು ಹೇಳುವವರಿಗೆ ಈ ಪಟ್ಟಿಯನ್ನೇ ಉತ್ತರವಾಗಿ ತೋರಿಸಬಹುದು.

ಪಟ್ಟಿ ಹೇಳಲಾರದ ಮಾತು

ಎದೆಪಟ್ಟಿ ಎಣಿಸುತ್ತದೆ, ರೋಗ ಪತ್ತೆಮಾಡುವುದಿಲ್ಲ. ಅದರ ಅಂಕಿ ಸರಿಯಾಗಿದ್ದ ಮಾತ್ರಕ್ಕೆ ಹೃದಯ ಆರೋಗ್ಯವಾಗಿದೆ ಎನ್ನಲಾಗದು. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಹೃದಯದ ದೋಷವಿರುತ್ತದೆ. ಇನ್ನು ಕೆಲವರಿಗೆ, ಗಂಟಲುನೋವಿಗೆ ತಕ್ಕ ಚಿಕಿತ್ಸೆ ದೊರೆಯದೆ ಬರುವ ಸಂಧಿವಾತ ಜ್ವರದಿಂದ ಹೃದಯದ ಕವಾಟಗಳು ಕೆಡುತ್ತವೆ. ಓಡುವಾಗ ಮೂರ್ಛೆ ಹೋಗುವುದು, ಶ್ರಮಪಟ್ಟಾಗ ಎದೆನೋವು, ಜೊತೆಗಾರರಿಗಿಂತ ಬಹಳ ಬೇಗ ಏದುಸಿರು ಬರುವುದು, ಸುಮ್ಮನೆ ಕುಳಿತಾಗಲೂ ಎದೆ ಡವಗುಟ್ಟುವುದು, ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಿರುವುದು, ಇವುಗಳಲ್ಲಿ ಒಂದಿದ್ದರೂ ಓಟ ನಿಲ್ಲಿಸಿ ಮೊದಲು ವೈದ್ಯರಿಗೆ ತೋರಿಸಬೇಕು.

ಇದಕ್ಕೆ ಹಣವಿಲ್ಲವೆಂದು ಹಿಂಜರಿಯಬೇಕಾಗಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡಗಳು ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಬಂದು ಮಕ್ಕಳನ್ನು ಪರೀಕ್ಷಿಸುತ್ತವೆ. ಹುಟ್ಟಿನಿಂದ ಬಂದ ಹೃದಯದೋಷ ಮತ್ತು ಸಂಧಿವಾತ ಜ್ವರದಿಂದ ಬರುವ ಹೃದ್ರೋಗ ಎರಡೂ ಆ ಕಾರ್ಯಕ್ರಮದ ಪಟ್ಟಿಯಲ್ಲಿವೆ. ದೋಷ ಕಂಡುಬಂದರೆ ಮುಂದಿನ ಚಿಕಿತ್ಸೆ ಉಚಿತ. ಪರೀಕ್ಷೆಯ ದಿನ ಮಗು ಶಾಲೆ ತಪ್ಪಿಸದಂತೆ ನೋಡಿಕೊಳ್ಳುವುದು ಪಾಲಕರ ಕೆಲಸ. ಆ ದಿನಾಂಕವನ್ನು ಮುಂಚಿತವಾಗಿ ಕೇಳಿ ತಿಳಿಸುವುದು ಶಿಕ್ಷಕರಾದ ನಮ್ಮ ಕೆಲಸ.

ಇಲ್ಲಿ ಭಾಷೆಯ ತೊಡಕು ಎದುರಾಗುತ್ತದೆ. ತಂಡದವರು ಮರಾಠಿಯಲ್ಲಿ ಕೇಳುತ್ತಾರೆ. ಕನ್ನಡ ಶಾಲೆಯ ಮಗು ನಾಚಿ, ಏನೂ ಇಲ್ಲವೆಂದು ತಲೆಯಾಡಿಸಿ ಸಾಲಿನಿಂದ ಸರಿದುಬಿಡುತ್ತದೆ. ನೋವು ಮಾತ್ರ ಒಳಗೇ ಉಳಿಯುತ್ತದೆ. ಈ ಕೆಲವು ವಾಕ್ಯಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸೋಣ. ನನಗೆ ಎದೆ ನೋಯುತ್ತದೆ: ‘ಮಲಾ ಛಾತೀತ್ ದುಖತೇ’. ತಲೆ ಸುತ್ತುತ್ತದೆ: ‘ಮಲಾ ಚಕ್ಕರ್ ಯೇತೇ’. ಏದುಸಿರು ಬರುತ್ತದೆ: ‘ಮಲಾ ಧಾಪ್ ಲಾಗತೇ’. ಎದೆ ಡವಗುಟ್ಟುತ್ತದೆ: ‘ಛಾತೀತ್ ಧಡಧಡ್ ಹೋತೇ’. ಓಡುವಾಗ ಮೂರ್ಛೆ ಹೋದೆ ಎನ್ನಲು ಹುಡುಗ ‘ಧಾವತಾನಾ ಮೀ ಬೇಶುದ್ಧ್ ಪಡಲೋ’ ಎಂದೂ, ಹುಡುಗಿ ‘ಪಡಲೇ’ ಎಂದೂ ಹೇಳಬೇಕು. ನಾಡಿ ಎಂಬ ಪದವಂತೂ ಎರಡೂ ಭಾಷೆಗಳಲ್ಲಿ ಒಂದೇ. ಮನೆಮಾತಿನಲ್ಲಿ ನೋವನ್ನು ಗುರುತಿಸಲು ಕಲಿತ ಮಗು ನೆರೆಯ ಭಾಷೆಯಲ್ಲಿ ಅದನ್ನು ಹೇಳಲೂ ಬೇಗ ಕಲಿಯುತ್ತದೆ.

ಎರಡು ಬೆರಳು ಸಾಕು

ಹಾಗಾದರೆ ಪಟ್ಟಿ ಕೊಳ್ಳಬೇಕೇ? ದೊಡ್ಡವರು ದೀರ್ಘ ದೂರದ ಸ್ಪರ್ಧೆಗೆ ಕ್ರಮಬದ್ಧವಾಗಿ ಸಿದ್ಧರಾಗುತ್ತಿದ್ದರೆ ಅದು ಉಪಯುಕ್ತ. ಶಾಲೆಯ ಮಗುವಿಗೆ ಅದರ ಅಗತ್ಯವಿಲ್ಲ. ಆ ಹಣಕ್ಕೆ ಕಾಲಿಗೊಪ್ಪುವ ಬೂಟು ಕೊಳ್ಳುವುದು ಹೆಚ್ಚು ಪ್ರಯೋಜನಕರ.

ಅಂಗೈಯನ್ನು ಮೇಲಕ್ಕೆ ಹಿಡಿದು, ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ, ಇನ್ನೊಂದು ಕೈಯ ತೋರುಬೆರಳನ್ನೂ ನಡುಬೆರಳನ್ನೂ ಮೆಲ್ಲಗೆ ಊರಬೇಕು. ಹೆಬ್ಬೆರಳಿನಿಂದ ಹಿಡಿಯಬಾರದು, ಅದಕ್ಕೆ ತನ್ನದೇ ನಾಡಿಯಿದೆ. ಗಡಿಯಾರ ನೋಡುತ್ತ 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಬೇಕು. ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲೊಮ್ಮೆ, ಓಟ ಮುಗಿದ ಕೂಡಲೇ ಒಮ್ಮೆ, ಎರಡು ನಿಮಿಷ ನಿಂತ ಮೇಲೆ ಮತ್ತೊಮ್ಮೆ ಎಣಿಸಿ, ಹಳೆಯ ನೋಟುಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಡಬೇಕು. ತಿಂಗಳುಗಳ ಅಭ್ಯಾಸದ ನಂತರ ಓಟದ ಮೇಲಿನ ಬಡಿತ ಬೇಗನೆ ಇಳಿಯತೊಡಗಿದರೆ ಹೃದಯ ಬಲಗೊಳ್ಳುತ್ತಿದೆ ಎಂದರ್ಥ. ಬೆಳಗಿನ ನಾಡಿ ಎರಡು ಮೂರು ದಿನ ಸತತವಾಗಿ ಎಂದಿಗಿಂತ ಹೆಚ್ಚಾಗಿದ್ದರೆ ದಣಿವೋ ಜ್ವರವೋ ಇರಬಹುದು. ಅಂದು ವಿಶ್ರಾಂತಿ ಕೊಡಬೇಕು.

ಬರುವ ಭಾನುವಾರ ಮನೆಯವರೆಲ್ಲ ಕುಳಿತು ಒಬ್ಬರ ನಾಡಿಯನ್ನು ಇನ್ನೊಬ್ಬರು ಎಣಿಸಿ ನೋಡಿ. ಅಜ್ಜನದು ಎಷ್ಟು, ರಾತ್ರಿ ಪಾಳಿ ಮುಗಿಸಿ ಬಂದ ಅಪ್ಪನದು ಎಷ್ಟು, ಅವ್ವನದು ಎಷ್ಟು ಎಂಬುದನ್ನು ಮಗುವೇ ಕನ್ನಡದಲ್ಲಿ ಬರೆಯಲಿ. ಸೋಮವಾರ ಆ ನೋಟುಬುಕ್ಕನ್ನು ಶಾಲೆಗೆ ಕೊಟ್ಟು ಕಳುಹಿಸಿ. ಹೃದಯದ ಪಾಠವನ್ನು ನಾವು ಅದರಿಂದಲೇ ಆರಂಭಿಸುತ್ತೇವೆ.