ಲ್ಯಾಪ್‌ಟಾಪ್‌ನಲ್ಲಿ ಜಾಗ ಸಾಲುತ್ತಿಲ್ಲವೇ? ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗೆ ಗೇಮ್ ಹಾಕುವ ಮುನ್ನ ಇದನ್ನು ತಿಳಿದುಕೊಳ್ಳಿ

ಹೊಸ ಗೇಮ್ ಇನ್‌ಸ್ಟಾಲ್ ಮಾಡಲು ಹೊರಟರೆ 'ಜಾಗ ಸಾಲದು' ಎಂಬ ಸಂದೇಶ ಬರುವುದು ಈಗ ಸಾಮಾನ್ಯ. ರೆಡ್ ಡೆಡ್ ರಿಡೆಂಪ್ಷನ್ 2 ಮತ್ತು ಬಾಲ್ಡರ್ಸ್ ಗೇಟ್ 3 ತಲಾ 150 ಜಿಬಿ ಜಾಗ ಕೇಳುತ್ತವೆ. ಸೈಬರ್‌ಪಂಕ್ 2077ಕ್ಕೆ 70 ಜಿಬಿ ಬೇಕು. ಮೂರೂ ಸೇರಿದರೆ 370 ಜಿಬಿ. 512 ಜಿಬಿ ಎಂದು ಮಾರಾಟವಾಗುವ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ತೋರಿಸುವುದೇ ಸುಮಾರು 476 ಜಿಬಿ. ಉಳಿದ ಜಾಗದಲ್ಲಿ ವಿಂಡೋಸ್, ಕಾಲೇಜಿನ ಪ್ರಾಜೆಕ್ಟ್, ಫೋಟೋ ಎಲ್ಲವೂ ಹಿಡಿಯಬೇಕು.

ಇದಕ್ಕೆ ಕಡಿಮೆ ಖರ್ಚಿನ ಪರಿಹಾರ ಎಕ್ಸ್‌ಟರ್ನಲ್ ಡ್ರೈವ್. ಘಾಜಿಯಾಬಾದ್‌ನ ಪಿಜಿಯಲ್ಲಿದ್ದುಕೊಂಡು ಓದುವ ಹುಬ್ಬಳ್ಳಿಯ ವಿದ್ಯಾರ್ಥಿಗೆ ಇದರಿಂದ ಇನ್ನೊಂದು ಲಾಭವೂ ಇದೆ. ದಿನಕ್ಕೆ 1.5 ಜಿಬಿ ಸಿಗುವ ಮೊಬೈಲ್ ಪ್ಯಾಕ್‌ನಲ್ಲಿ 150 ಜಿಬಿ ಗೇಮ್ ಇಳಿಸಲು 100 ದಿನ ಬೇಕು. ಪಿಜಿಯ ಬ್ರಾಡ್‌ಬ್ಯಾಂಡ್‌ನಲ್ಲಿ ಒಮ್ಮೆ ಇಳಿಸಿಕೊಂಡರೆ ರಜೆಗೆ ಊರಿಗೆ ಹೋಗುವಾಗ ಡ್ರೈವ್ ಒಯ್ದರೆ ಸಾಕು.

ಎಚ್‌ಡಿಡಿಯೋ, ಎಸ್‌ಎಸ್‌ಡಿಯೋ?

ಒಳಗೆ ತಟ್ಟೆ ತಿರುಗುವ ಹಾರ್ಡ್ ಡಿಸ್ಕ್ (ಎಚ್‌ಡಿಡಿ) ಅಗ್ಗ. ಆದರೆ ಅದರ ವೇಗ ಸೆಕೆಂಡಿಗೆ ನೂರು ಎಂಬಿಯ ಆಸುಪಾಸು. ಹಳೆಯ ಗೇಮ್‌ಗಳಿಗೆ, ಸದ್ಯಕ್ಕೆ ಆಡದ ಗೇಮ್‌ಗಳನ್ನು ಎತ್ತಿಡಲು ಇದು ಸಾಕು. ಎಸ್‌ಎಸ್‌ಡಿ ದುಬಾರಿಯಾದರೂ ಹಲವು ಪಟ್ಟು ವೇಗ. ಮೇಲೆ ಹೇಳಿದ ಬಾಲ್ಡರ್ಸ್ ಗೇಟ್ 3 ಮತ್ತು ಸೈಬರ್‌ಪಂಕ್ ಎಸ್‌ಎಸ್‌ಡಿಯನ್ನೇ ಕೇಳುತ್ತವೆ.

ಡ್ರೈವ್ ಬದಲಿಸಿದರೆ ಗೇಮ್ ತೆರೆದುಕೊಳ್ಳುವ ಸಮಯ ಕಡಿಮೆಯಾಗುತ್ತದೆಯೇ ಹೊರತು ಗ್ರಾಫಿಕ್ಸ್ ಸುಧಾರಿಸುವುದಿಲ್ಲ. ಅದು ಗ್ರಾಫಿಕ್ಸ್ ಕಾರ್ಡ್‌ನ ಕೆಲಸ.

ಪೋರ್ಟ್ ನೋಡಿ

ಯುಎಸ್‌ಬಿ 2.0 ಪೋರ್ಟ್‌ನ ಗರಿಷ್ಠ ಮಿತಿ 480 ಎಂಬಿಪಿಎಸ್, 3.0ದ್ದು 5 ಜಿಬಿಪಿಎಸ್. ಹಳೆಯ ಪೋರ್ಟ್‌ನಲ್ಲಿ 150 ಜಿಬಿ ಕಾಪಿ ಮಾಡಲು ಒಂದು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಹೊಸದರಲ್ಲಿ ಸಾಧಾರಣ ಹಾರ್ಡ್ ಡಿಸ್ಕ್‌ಗೂ ಅರ್ಧ ಗಂಟೆಯೊಳಗೆ ಮುಗಿಯಬಹುದು. 3.0 ಪೋರ್ಟ್‌ನ ಒಳಭಾಗ ಹೆಚ್ಚಾಗಿ ನೀಲಿ ಬಣ್ಣದ್ದಾಗಿರುತ್ತದೆ.

ಇನ್‌ಸ್ಟಾಲ್ ಮಾಡುವುದು ಹೇಗೆ?

* ಮೊದಲು ಡ್ರೈವ್ ಎನ್‌ಟಿಎಫ್‌ಎಸ್ ಮಾದರಿಯಲ್ಲಿದೆಯೇ ನೋಡಿ. ಫ್ಯಾಟ್32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ. ಫಾರ್ಮ್ಯಾಟ್ ಮಾಡಿದರೆ ಒಳಗಿರುವುದೆಲ್ಲ ಅಳಿಸಿಹೋಗುತ್ತದೆ. ಫೋಟೋ, ದಾಖಲೆಗಳಿದ್ದರೆ ಮೊದಲೇ ಬೇರೆಡೆ ಕಾಪಿ ಮಾಡಿಕೊಳ್ಳಿ.
* ಸ್ಟೀಮ್‌ನಲ್ಲಿ ಸೆಟ್ಟಿಂಗ್ಸ್‌ನ ಸ್ಟೋರೇಜ್ ವಿಭಾಗಕ್ಕೆ ಹೋಗಿ ಹೊಸ ಡ್ರೈವ್ ಸೇರಿಸಿ. ನಂತರ ಇನ್‌ಸ್ಟಾಲ್ ಮಾಡುವಾಗ ಆ ಡ್ರೈವ್ ಆಯ್ಕೆ ಮಾಡಿ.
* ಈಗಾಗಲೇ ಇರುವ ಗೇಮ್ ಸಾಗಿಸಲು ಅದರ ಪ್ರಾಪರ್ಟೀಸ್‌ನಲ್ಲಿ ಇನ್‌ಸ್ಟಾಲ್ಡ್ ಫೈಲ್ಸ್ ತೆರೆದು 'ಮೂವ್ ಇನ್‌ಸ್ಟಾಲ್ ಫೋಲ್ಡರ್' ಒತ್ತಿ. ಫೋಲ್ಡರ್ ಅನ್ನು ಕಟ್ ಮಾಡಿ ಪೇಸ್ಟ್ ಮಾಡಬೇಡಿ.
* ಎಪಿಕ್ ಗೇಮ್ಸ್‌ನಲ್ಲಿ ಇನ್‌ಸ್ಟಾಲ್ ಆರಂಭಿಸುವಾಗಲೇ ಜಾಗ ಆಯ್ಕೆ ಮಾಡಬಹುದು.
* ಮರುದಿನ ಗೇಮ್ ತೆರೆಯದಿದ್ದರೆ ಗಾಬರಿ ಬೇಡ. ಇ ಎಂದಿದ್ದ ಡ್ರೈವ್ ಎಫ್ ಆಗಿರಬಹುದು. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಹಳೆಯ ಅಕ್ಷರವನ್ನೇ ಮತ್ತೆ ಕೊಡಿ.

ಪ್ಲೇಸ್ಟೇಷನ್ 5 ಇದ್ದವರಿಗೆ

ಪಿಎಸ್5 ಗೇಮ್‌ಗಳನ್ನು ಯುಎಸ್‌ಬಿ ಡ್ರೈವ್‌ನಲ್ಲಿ ಎತ್ತಿಡಬಹುದು, ಅಲ್ಲಿಂದ ನೇರವಾಗಿ ಆಡಲಾಗದು. ಆಡುವ ಮುನ್ನ ಕನ್ಸೋಲ್‌ಗೆ ಕಾಪಿ ಮಾಡಬೇಕು. ಪಿಎಸ್4 ಗೇಮ್‌ಗಳನ್ನು ಮಾತ್ರ ಡ್ರೈವ್‌ನಿಂದಲೇ ಆಡಬಹುದು.

ಈ ತಪ್ಪು ಮಾಡಬೇಡಿ

ಗೇಮ್ ಅಪ್‌ಡೇಟ್ ಆಗುತ್ತಿರುವಾಗ ಕೇಬಲ್ ಕಿತ್ತರೆ, ಡೆಸ್ಕ್‌ಟಾಪ್‌ಗೆ ಕರೆಂಟ್ ಹೋದರೆ ಫೈಲ್‌ಗಳು ಹಾಳಾಗಬಹುದು, ಕೆಲವೊಮ್ಮೆ ಇಡೀ ಡ್ರೈವ್ ತೆರೆಯದೇ ಹೋಗಬಹುದು. ಗೇಮ್ ಅನ್ನು ಮತ್ತೆ ಇಳಿಸಿಕೊಳ್ಳಬಹುದು, ಅದೇ ಡ್ರೈವ್‌ನಲ್ಲಿದ್ದ ಮದುವೆ ಫೋಟೋ ಮರಳಿ ಬರುವುದಿಲ್ಲ. ಆದ್ದರಿಂದ ಫೋಟೋಗಳ ಏಕೈಕ ಪ್ರತಿ ಇರುವ ಡ್ರೈವ್‌ಗೆ ಗೇಮ್ ಹಾಕಲೇಬೇಡಿ. ಪ್ರತಿ ಬಾರಿ 'ಇಜೆಕ್ಟ್' ಕೊಟ್ಟೇ ಡ್ರೈವ್ ತೆಗೆಯಿರಿ.

ಸೇವ್ ಫೈಲ್‌ಗಳು ಅನೇಕ ಗೇಮ್‌ಗಳಲ್ಲಿ ಸಿ ಡ್ರೈವ್‌ನಲ್ಲೇ ಉಳಿಯುತ್ತವೆ. ಬೇರೆ ಕಂಪ್ಯೂಟರ್‌ನಲ್ಲಿ ಬಿಟ್ಟ ಹಂತದಿಂದಲೇ ಆಟ ಮುಂದುವರಿಸಬೇಕಿದ್ದರೆ ಕ್ಲೌಡ್ ಸೇವ್ ಆನ್ ಮಾಡಿರಿ.

ಖರೀದಿಸುವಾಗ

ಕೆಲವೇ ನೂರು ರೂಪಾಯಿಗೆ '16 ಟಿಬಿ ಎಸ್‌ಎಸ್‌ಡಿ' ಎಂಬ ಜಾಹೀರಾತು ಕಂಡರೆ ಅದು ನಕಲಿ ಎಂದೇ ತಿಳಿಯಿರಿ. ಇಂಥವುಗಳಲ್ಲಿ ಜಾಗ ಇರುವಂತೆ ತೋರಿಸುತ್ತದೆ, ತುಂಬಿಸಿದರೆ ಹಳೆಯ ಫೈಲ್ ಕೆಡುತ್ತದೆ. ದೆಹಲಿ ಸುತ್ತಲಿನವರು ನೆಹರೂ ಪ್ಲೇಸ್‌ನಲ್ಲಿ, ಬೆಂಗಳೂರಿನವರು ಎಸ್‌ಪಿ ರಸ್ತೆಯಲ್ಲಿ ಕೊಂಡರೂ ಬಿಲ್ ಮತ್ತು ವಾರಂಟಿ ಕೇಳಿ ಪಡೆಯಿರಿ. ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ತಂತ್ರಾಂಶದಿಂದ ಅಸಲಿ ಜಾಗ ಎಷ್ಟಿದೆ ಎಂದು ಪರೀಕ್ಷಿಸಬಹುದು. ಆದರೆ 1 ಟಿಬಿ ಡ್ರೈವ್ ವಿಂಡೋಸ್‌ನಲ್ಲಿ 931 ಜಿಬಿ ಎಂದು ಕಂಡರೆ ಅದು ಮೋಸವಲ್ಲ. ಕಂಪನಿ ಮತ್ತು ವಿಂಡೋಸ್ ಲೆಕ್ಕ ಹಾಕುವ ವಿಧಾನ ಬೇರೆ ಬೇರೆ, ಅಷ್ಟೇ.